ಸಂಪಾದಕರ ಉತ್ತರ: ಸಭೆಯ ನಿಯಮವೂ ಸಹೋದರಿಯ ನೋವೂ

ಆತ್ಮೀಯ ಸಹೋದರರಿಗೆ, ಕ್ರಿಸ್ತನಲ್ಲಿ ವಂದನೆಗಳು.

ನಿಮ್ಮ ದೀರ್ಘವಾದ ಪತ್ರ ತಲುಪಿತು. ನಿಮ್ಮ ಹೆಸರನ್ನಾಗಲಿ ಸಭೆಯ ಹೆಸರನ್ನಾಗಲಿ ಪ್ರಕಟಿಸಬಾರದೆಂದು ನೀವು ಕೇಳಿಕೊಂಡಿರುವುದರಿಂದ, ಓದುಗರಿಗಾಗಿ ಅದರ ಸಾರವನ್ನಷ್ಟೇ ಇಲ್ಲಿ ಕೊಡುತ್ತಿದ್ದೇನೆ. ನೀವು ನಿಮ್ಮ ಸಭೆಯ ಹಿರಿಯರ ಸಮಿತಿಯಲ್ಲಿದ್ದೀರಿ. ಸತತವಾಗಿ ಮೂರು ತಿಂಗಳು ಭಾನುವಾರದ ಆರಾಧನೆಗೆ ಬಾರದವರಿಗೆ, ಸಮಿತಿಯ ವಿಚಾರಣೆ ಮುಗಿಯುವ ತನಕ, ಯೇಸುವಿನ ನೆನಪಿಗಾಗಿ ರೊಟ್ಟಿ, ದ್ರಾಕ್ಷಾರಸಗಳನ್ನು ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಪಾಲು ಕೊಡಬಾರದೆಂಬ ನಿಯಮ ನಿಮ್ಮಲ್ಲಿದೆ. ಹಾಸಿಗೆ ಹಿಡಿದ ತಾಯಿಯನ್ನು ಒಬ್ಬರೇ ನೋಡಿಕೊಳ್ಳುತ್ತಿರುವ ಸಹೋದರಿಯೊಬ್ಬರು ಬಹುಕಾಲ ಆರಾಧನೆಗೆ ಬರಲಿಲ್ಲ. ಸಮಿತಿ ಅವರಿಗೆ ಮೂರು ಸಲ ಲಿಖಿತ ಸೂಚನೆ ಕಳುಹಿಸಿತು. ಕೊನೆಗೆ ಒಂದು ಭಾನುವಾರ ಅವರು ಬಂದು ಕುಳಿತಾಗ, ರೊಟ್ಟಿಯ ತಟ್ಟೆಯನ್ನು ಅವರಿಗೆ ಕೊಡದೆ ಹಿಂದಿನ ಸಾಲಿಗೆ ದಾಟಿಸಲಾಯಿತು. ಅವರು ಆಗಲೇ ಕೈ ಚಾಚಿದ್ದರೆಂದೂ, ತಟ್ಟೆ ಮುಂದೆ ಹೋದ ಮೇಲೆ ಆ ಕೈಯನ್ನು ಮೆಲ್ಲನೆ ಸೆರಗಿನೊಳಗೆ ಎಳೆದುಕೊಂಡರೆಂದೂ, ಅಂದಿನಿಂದ ತಮಗೆ ನೆಮ್ಮದಿಯಿಲ್ಲವೆಂದೂ ನೀವು ಬರೆದಿದ್ದೀರಿ. ಆದರೂ ನಿಯಮ ಎಲ್ಲರಿಗೂ ಒಂದೇ ಅಲ್ಲವೇ, ಅದನ್ನು ಪಾಲಿಸಿದ್ದಕ್ಕೆ ನಮ್ಮನ್ನು ಫರಿಸಾಯರೆಂದು, ಅಂದರೆ ಯೇಸುವಿನ ಕಾಲದ ಕಟ್ಟುನಿಟ್ಟಿನ ಯೆಹೂದ್ಯ ಪಂಥದವರೆಂದು, ಕರೆಯುವುದು ನ್ಯಾಯವೇ, ಒಬ್ಬರಿಗಾಗಿ ಸಡಿಲಿಸಿದರೆ ನಾಳೆ ಸಭೆಯ ಪರಿಶುದ್ಧತೆ ಉಳಿದೀತೇ ಎಂದು ಕೇಳಿದ್ದೀರಿ. ನಿಮ್ಮ ತೀರ್ಮಾನಕ್ಕೆ ಆಧಾರವಾಗಿ ಇಬ್ರಿಯರಿಗೆ ಬರೆದ ಪತ್ರದ 10:25ನ್ನೂ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 11:27ನ್ನೂ ಉಲ್ಲೇಖಿಸಿದ್ದೀರಿ.

ಮೊದಲು ಫರಿಸಾಯರ ವಿಷಯ. ಆ ಹೆಸರನ್ನು ಬೈಗುಳದಂತೆ ಬಳಸುವುದನ್ನು ನಾವೆಲ್ಲರೂ ನಿಲ್ಲಿಸಬೇಕೆಂಬುದು ನನ್ನ ಅಭಿಪ್ರಾಯ. ದೇವರ ಆಜ್ಞೆಯನ್ನು ದೇವಾಲಯದಲ್ಲಿ ಮಾತ್ರವಲ್ಲದೆ ಅಡುಗೆಮನೆಯಲ್ಲೂ ಹೊಲದಲ್ಲೂ ಪಾಲಿಸಬೇಕೆಂದು ಪ್ರಾಮಾಣಿಕವಾಗಿ ಶ್ರಮಿಸಿದ ಜನ ಅವರು. ರಾತ್ರಿಯಲ್ಲಿ ಯೇಸುವನ್ನು ಹುಡುಕಿಕೊಂಡು ಬಂದ ನಿಕೊದೇಮನು ಫರಿಸಾಯನು. ಯೇಸುವಿನ ಶಿಷ್ಯರಾದ ಅಪೊಸ್ತಲರನ್ನು ಕೊಲ್ಲಬೇಕೆಂದು ಯೆಹೂದ್ಯರ ಹಿರೀಸಭೆ ಕೆರಳಿ ನಿಂತಾಗ ಅವರ ಗೊಡವೆಗೆ ಹೋಗಬೇಡಿರೆಂದು ಬುದ್ಧಿ ಹೇಳಿದ ಗಮಲಿಯೇಲನು ಫರಿಸಾಯನು. ಕೊರಿಂಥದವರಿಗೆ ಪತ್ರ ಬರೆದ ಅಪೊಸ್ತಲ ಪೌಲನೂ ಆ ಪಂಥದವನೇ. ಯೆಹೂದ್ಯರೆಲ್ಲರೂ ಕರುಣೆಯಿಲ್ಲದ ನಿಯಮಪಾಲಕರೆಂದು ಕ್ರೈಸ್ತರು ಶತಮಾನಗಳ ಕಾಲ ಬೋಧಿಸಿದ್ದರಿಂದ ಆ ಜನಾಂಗಕ್ಕೆ ಆದ ಅನ್ಯಾಯ ಸಣ್ಣದಲ್ಲ. ಆದ್ದರಿಂದ ನಿಮ್ಮ ಸಮಿತಿಯನ್ನು ಯಾರೋ ಹಾಗೆ ಕರೆದರೆಂಬ ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಆದರೆ ಬೈಗುಳ ತಪ್ಪಾಗಿದ್ದ ಮಾತ್ರಕ್ಕೆ ನಡೆದ ಕೆಲಸ ಸರಿಯಾಗುವುದಿಲ್ಲ.

ನಿಯಮವನ್ನು ಕಾಪಾಡಲು ಅದರ ಸುತ್ತ ಇನ್ನೊಂದು ನಿಯಮದ ಬೇಲಿ ಕಟ್ಟಬೇಕೆಂದು ಹಳೆಯ ಯೆಹೂದ್ಯ ಗುರುಗಳು ಹೇಳುತ್ತಿದ್ದರು. ಹಾಗೆ ಕಟ್ಟಿದ ಒಂದು ಬೇಲಿಯನ್ನು ಇಲ್ಲಿ ನೆನಪಿಸಬೇಕು. ಅಪರಾಧಿಗೆ ನಲವತ್ತಕ್ಕಿಂತ ಹೆಚ್ಚು ಪೆಟ್ಟು ಹೊಡೆಯಬಾರದೆಂದು ಧರ್ಮೋಪದೇಶಕಾಂಡ 25:3 ವಿಧಿಸುತ್ತದೆ. ಎಣಿಕೆ ತಪ್ಪಿ ಒಂದು ಪೆಟ್ಟು ಹೆಚ್ಚಾದೀತೆಂಬ ಎಚ್ಚರದಿಂದ ಗುರುಗಳು ಅದನ್ನು ಮೂವತ್ತೊಂಬತ್ತಕ್ಕೇ ನಿಲ್ಲಿಸಿದರು. ಒಂದು ಕಡಿಮೆ ನಲವತ್ತು ಪೆಟ್ಟುಗಳನ್ನು ತಾನು ಐದು ಸಾರಿ ತಿಂದೆನೆಂದು ಪೌಲನು ಹೇಳಿಕೊಳ್ಳುವುದು ಈ ಲೆಕ್ಕವನ್ನೇ. ಆ ಮಿತಿಗೆ ಧರ್ಮಶಾಸ್ತ್ರವೇ ಕೊಡುವ ಕಾರಣವನ್ನು ದಯವಿಟ್ಟು ಗಮನಿಸಿರಿ. ಹೆಚ್ಚು ಹೊಡೆದರೆ ನಿನ್ನ ಸಹೋದರನು ನಿನ್ನ ಕಣ್ಣಿಗೆ ನೀಚನಾಗಿ ಕಂಡಾನು ಎಂಬುದು ಆ ಕಾರಣ. ತಪ್ಪು ರುಜುವಾತಾಗಿ, ತೀರ್ಪು ಮುಗಿದು, ನೆಲದ ಮೇಲೆ ಮಲಗಿರುವವನೂ ಹೊಡೆಸುವವನ ಕಣ್ಣಿನಲ್ಲಿ ಇನ್ನೂ ಸಹೋದರನಾಗಿಯೇ ಉಳಿಯಬೇಕು. ಬೇಲಿ ಕಟ್ಟಿದ್ದು ಅವನ ಪರವಾಗಿ. ನಿಮ್ಮ ಸಭೆಯ ಮೂರು ತಿಂಗಳ ನಿಯಮವೂ ಒಂದು ಬೇಲಿಯೇ, ಮತ್ತು ಅದನ್ನು ಮೊದಲು ಬರೆದವರು ಬಹುಶಃ ಯಾರೂ ಮೆಲ್ಲಮೆಲ್ಲನೆ ದೂರವಾಗಿ ಕಳೆದುಹೋಗಬಾರದೆಂಬ ಕಾಳಜಿಯಿಂದಲೇ ಬರೆದಿರಬೇಕು. ಇಂದು ಅದು ಯಾರ ಪರವಾಗಿ ನಿಂತಿದೆ ಎಂಬುದನ್ನು ನೀವು ಕೇಳಿಕೊಳ್ಳಬೇಕಾಗಿದೆ.

ಈಗ ನೀವು ಕೊಟ್ಟ ವಚನಗಳಿಗೆ ಬರೋಣ. ಸಭೆಯಾಗಿ ಕೂಡಿಬರುವುದನ್ನು ಬಿಟ್ಟುಬಿಡಬಾರದೆಂದು ಇಬ್ರಿಯರಿಗೆ ಬರೆದ ಪತ್ರ ಹೇಳುವುದು ನಿಜ. ಆದರೆ ಆ ಮಾತು ಹೊಸ ವಾಕ್ಯವಾಗಿ ಆರಂಭವಾಗುವುದಿಲ್ಲ. ಅದರ ಹಿಂದಿನ 24ನೆಯ ವಚನದಲ್ಲಿ, ಪ್ರೀತಿ ಮತ್ತು ಸತ್ಕಾರ್ಯಗಳಿಗೆ ಒಬ್ಬರನ್ನೊಬ್ಬರು ಪ್ರೇರೇಪಿಸಲು ಪರಸ್ಪರ ಲಕ್ಷ್ಯವಿಡಬೇಕೆಂಬ ಕರೆಯಿದೆ, ಮತ್ತು 25ನೆಯ ವಚನವೂ ಒಬ್ಬರನ್ನೊಬ್ಬರು ಧೈರ್ಯಪಡಿಸಬೇಕೆಂದೇ ಮುಂದುವರಿಯುತ್ತದೆ. ಕೂಡಿಬರುವುದು ಯಾತಕ್ಕಾಗಿ ಎಂಬುದನ್ನು ಆ ವಚನಗಳೇ ಹೇಳುತ್ತಿರುವಾಗ, ಅವುಗಳಿಂದ ಹಾಜರಿಯ ಲೆಕ್ಕವೊಂದನ್ನೇ ಎತ್ತಿಕೊಂಡು ಪರಸ್ಪರ ಲಕ್ಷ್ಯವನ್ನು ಕೈಬಿಟ್ಟರೆ ಅರ್ಧ ವಚನವನ್ನು ಪಾಲಿಸಿದಂತಾಗುತ್ತದೆ. ಮೂರು ಸೂಚನಾಪತ್ರಗಳು ಆ ಮನೆಗೆ ಹೋದವೆಂದು ಬರೆದಿರುವ ನೀವು, ಆ ಮನೆಯ ಹೊಸ್ತಿಲನ್ನು ಹಿರಿಯರಲ್ಲಿ ಒಬ್ಬರಾದರೂ ತುಳಿದರೆಂದು ನಿಮ್ಮ ಪತ್ರದಲ್ಲಿ ಎಲ್ಲಿಯೂ ಬರೆದಿಲ್ಲ. ಆ ಸಹೋದರಿ ಕೂಡಿಬರುವುದನ್ನು ಬಿಟ್ಟರೆಂದು ದೂರುವ ಮೊದಲು, ಸಭೆ ಅವರ ಬಳಿಗೆ ಹೋಗುವುದನ್ನು ಬಿಟ್ಟಿತೇ ಎಂದು ನೋಡಬೇಕು.

ಕೊರಿಂಥದವರಿಗೆ ಬರೆದ ವಚನ ಇನ್ನೂ ಮುಖ್ಯವಾದದ್ದು, ಏಕೆಂದರೆ ಇಂಥ ಸಂದರ್ಭಗಳಲ್ಲಿ ಅನೇಕ ಸಭೆಗಳು ಅದನ್ನೇ ಮುಂದಿಡುತ್ತವೆ. ಅಯೋಗ್ಯವಾದ ರೀತಿಯಲ್ಲಿ ಕರ್ತನ ರೊಟ್ಟಿಯನ್ನು ತಿನ್ನುವವನು ಅಪರಾಧಿಯಾಗುವನೆಂದು ಪೌಲನು ಬರೆದದ್ದು ಯಾವ ಸನ್ನಿವೇಶದಲ್ಲಿ? ಅದೇ ಅಧ್ಯಾಯದ 20ನೆಯ ವಚನದಿಂದ ಓದಿಕೊಂಡು ಬಂದರೆ ಚಿತ್ರ ಸ್ಪಷ್ಟವಾಗುತ್ತದೆ. ಕೊರಿಂಥದ ಸಭೆಯಲ್ಲಿ ಕೆಲವರು ತಮ್ಮ ಊಟವನ್ನು ಮುಂಚಿತವಾಗಿಯೇ ಮುಗಿಸಿಬಿಡುತ್ತಿದ್ದರು. ಒಬ್ಬನು ಹಸಿದಿರುವಾಗ ಇನ್ನೊಬ್ಬನು ಕುಡಿದು ಮತ್ತನಾಗಿರುತ್ತಿದ್ದನು. ನೀವು ದೇವರ ಸಭೆಯನ್ನು ತಾತ್ಸಾರಮಾಡಿ ಏನೂ ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ಅಪೊಸ್ತಲನು 22ನೆಯ ವಚನದಲ್ಲಿ ಗದರಿಸುತ್ತಾನೆ. ಅಂದರೆ ಅವನ ದೃಷ್ಟಿಯಲ್ಲಿ ಆ ಮೇಜಿಗೆ ಅಯೋಗ್ಯವಾದ ನಡತೆಯೆಂದರೆ, ಅದೇ ಮೇಜಿಗೆ ಬಂದ ಇನ್ನೊಬ್ಬರನ್ನು ನಾಚಿಕೆಗೆ ಗುರಿಮಾಡುವುದು. 28ನೆಯ ವಚನದಲ್ಲಿ ಪ್ರತಿಯೊಬ್ಬನು ತನ್ನನ್ನು ತಾನೇ ಪರೀಕ್ಷಿಸಿಕೊಂಡು ತಿನ್ನಲಿ ಎಂದಿದೆ. ಪಕ್ಕದಲ್ಲಿ ಕುಳಿತವರನ್ನು ಪರೀಕ್ಷಿಸುವ ಹೊಣೆಯನ್ನು ಅಲ್ಲಿ ಯಾರಿಗೂ ಒಪ್ಪಿಸಿಲ್ಲ. ಈ ಅಧ್ಯಾಯವನ್ನು ಮನಸ್ಸಿನಲ್ಲಿಟ್ಟುಕೊಂಡು, ಚಾಚಿದ ಕೈಯೊಂದು ಸೆರಗಿನೊಳಗೆ ಮರಳಿದ ಆ ಭಾನುವಾರವನ್ನು ಇನ್ನೊಮ್ಮೆ ನೆನೆಯಿರಿ ಎಂದು ಪ್ರೀತಿಯಿಂದಲೇ ಕೇಳಿಕೊಳ್ಳುತ್ತೇನೆ. ಅಂದು ಯಾರ ನಡತೆ ಪರೀಕ್ಷೆಗೆ ಒಳಗಾಗಬೇಕಾಗಿತ್ತು?

ಇನ್ನು, ಆ ಸಹೋದರಿ ಆರಾಧನೆಗೆ ಬಾರದೆ ಮಾಡುತ್ತಿದ್ದದ್ದೇನು ಎಂಬುದನ್ನು ನೋಡೋಣ. ಮಕ್ಕಳು ಮೊದಲು ತಮ್ಮ ಮನೆಯವರಿಗೆ ಭಕ್ತಿ ತೋರಿಸಿ ಹೆತ್ತವರಿಗೆ ಪ್ರತ್ಯುಪಕಾರ ಮಾಡಲು ಕಲಿಯಲಿ, ಅದು ದೇವರಿಗೆ ಮೆಚ್ಚಿಕೆಯಾದದ್ದು ಎಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 5:4 ಹೇಳುತ್ತದೆ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ನಿರಾಕರಿಸಿದವನು ಎಂದು 8ನೆಯ ವಚನ ಕಠಿಣವಾಗಿ ಎಚ್ಚರಿಸುತ್ತದೆ. ಹಾಸಿಗೆ ಹಿಡಿದವರ ಸೇವೆ ಎಂಥದ್ದೆಂದು ಮಾಡಿದವರಿಗೆ ಗೊತ್ತು. ಮೈ ಒರೆಸಬೇಕು, ಬೆನ್ನು ಹುಣ್ಣಾಗದಂತೆ ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಬೇಕು, ಒದ್ದೆಯಾದ ಬಟ್ಟೆಯನ್ನು ತೆಗೆದು ಒಣ ಬಟ್ಟೆ ಹಾಸಬೇಕು, ಗಂಟಲಿಗೆ ಸಿಕ್ಕದಂತೆ ಗಂಜಿಯನ್ನು ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿಸಬೇಕು, ಮತ್ತು ಈ ಕೆಲಸಗಳಲ್ಲಿ ಯಾವುದೂ ಭಾನುವಾರ ಬಂತೆಂದು ಕಾಯುವುದಿಲ್ಲ. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ, ತಂದೆತಾಯಿಗಳಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್ ಎಂದು, ಅಂದರೆ ದೇವರಿಗೆ ಮುಡಿಪೆಂದು ಹೇಳಿ ಅವರಿಗೆ ತಪ್ಪಿಸುವ ಸಂಪ್ರದಾಯವನ್ನು ಯೇಸು ಖಂಡಿಸಿದ್ದನ್ನು ನೀವು ಬಲ್ಲಿರಿ. ದೇವರ ಹೆಸರಿನಲ್ಲಿ ಮಾಡಿದ ಏರ್ಪಾಡೊಂದು ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ದೇವರ ಐದನೆಯ ಆಜ್ಞೆಯನ್ನೇ ಮೀರಲು ಜನರನ್ನು ಒತ್ತಾಯಿಸುತ್ತಿತ್ತು. ತಾಯಿಯನ್ನು ಒಬ್ಬಂಟಿಯಾಗಿ ಬಿಟ್ಟು ಬಾ, ಇಲ್ಲವೇ ಕರ್ತನ ಮೇಜಿನಿಂದ ದೂರವಿರು ಎಂದು ಹೇಳಿದ ಸಭೆ ಆ ಸಂಪ್ರದಾಯಕ್ಕೆ ತೀರಾ ಸಮೀಪದಲ್ಲಿ ನಿಂತಿದೆ. ಇದನ್ನು ಬರೆಯುವಾಗ ನನಗೂ ದುಃಖವಾಗುತ್ತಿದೆ.

ನಿಯಮ ಎಲ್ಲರಿಗೂ ಒಂದೇ ಎಂಬ ನಿಮ್ಮ ವಾದದಲ್ಲಿ ಒಂದು ಒಳ್ಳೆಯ ಉದ್ದೇಶವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಚಿನ್ನದ ಉಂಗುರ ಧರಿಸಿ ಬಂದವನಿಗೆ ಒಳ್ಳೆಯ ಆಸನವನ್ನೂ ಕೊಳಕು ಬಟ್ಟೆಯ ಬಡವನಿಗೆ ಕಾಲ ಬಳಿಯ ಜಾಗವನ್ನೂ ತೋರಿಸುವ ಸಭೆಯನ್ನು ಯಾಕೋಬನು ತನ್ನ ಪತ್ರದ 2ನೆಯ ಅಧ್ಯಾಯದಲ್ಲಿ ಖಂಡಿಸುತ್ತಾನೆ. ಪಕ್ಷಪಾತವಿಲ್ಲದ ನಿಯಮ ಬಡವರಿಗೆ ರಕ್ಷಣೆಯಾಗಬಲ್ಲದು. ಆದರೆ ಅದೇ ಅಧ್ಯಾಯ 13ನೆಯ ವಚನದಲ್ಲಿ, ಕರುಣೆ ತೋರಿಸದವನಿಗೆ ಕರುಣೆಯಿಲ್ಲದ ನ್ಯಾಯತೀರ್ಪಾಗುವುದೆಂದು ಹೇಳುತ್ತದೆ. ಸೋಮಾರಿತನದಿಂದ ಬಾರದವರಿಗೂ ತಾಯಿಯ ಸೇವೆಯಿಂದ ಬರಲಾಗದವರಿಗೂ ಒಂದೇ ಶಿಕ್ಷೆ ಕೊಡುವುದು ನಿಷ್ಪಕ್ಷಪಾತವಲ್ಲ, ಎದುರಿಗಿರುವವರು ಯಾರೆಂದು ನೋಡಲು ಒಪ್ಪದಿರುವುದು. ಹದಿನೆಂಟು ವರ್ಷ ನಡುಬಗ್ಗಿ ಬದುಕಿದ ಸ್ತ್ರೀಯನ್ನು ಯೇಸು ಸಬ್ಬತ್ ಎಂಬ ವಿಶ್ರಾಂತಿಯ ದಿನದಲ್ಲಿ ಸ್ವಸ್ಥಮಾಡಿದಾಗ, ಸಭಾಮಂದಿರದ ಅಧಿಕಾರಿ ಕೋಪಗೊಂಡು, ಕೆಲಸಕ್ಕೆ ಆರು ದಿನಗಳಿವೆ, ಆ ದಿನಗಳಲ್ಲಿ ಬಂದು ವಾಸಿಮಾಡಿಸಿಕೊಳ್ಳಿರಿ ಎಂದನು. ಅವನು ಅದನ್ನು ಆ ಸ್ತ್ರೀಗೆ ಹೇಳಲಿಲ್ಲ, ಯೇಸುವಿಗೂ ನೇರವಾಗಿ ಹೇಳಲಿಲ್ಲ, ಗುಂಪಿಗೆ ಹೇಳಿದನು ಎಂದು ಲೂಕನು ಗುರುತಿಸಿದ್ದಾನೆ. ಯೇಸು ಕೊಟ್ಟ ಉತ್ತರದಲ್ಲಿ, ಸಬ್ಬತ್ತಿನಲ್ಲಿಯೂ ಕೊಟ್ಟಿಗೆಯಿಂದ ಬಿಚ್ಚಿ ನೀರಿಗೆ ಹಿಡಿದುಕೊಂಡು ಹೋಗುವ ಎತ್ತು ಇತ್ತು, ಮತ್ತು ಆ ಸ್ತ್ರೀಗೆ ಅಬ್ರಹಾಮನ ಮಗಳೆಂಬ ಹೆಸರೂ ಇತ್ತು. ಅಧಿಕಾರಿಗೆ ಸಬ್ಬತ್ತಿನ ಭಂಗವಾಗಿ ಮಾತ್ರ ಕಂಡದ್ದು ಯೇಸುವಿಗೆ ಕುಟುಂಬದ ಮಗಳ ಬಿಡುಗಡೆಯಾಗಿ ಕಂಡಿತು.

ಸಡಿಲಿಸಿದರೆ ಪರಿಶುದ್ಧತೆ ಉಳಿದೀತೇ ಎಂಬ ಪ್ರಶ್ನೆಗೂ ಉತ್ತರಿಸಬೇಕು. ಶಿಸ್ತೇ ಬೇಡವೆಂದು ನಾನು ಹೇಳುತ್ತಿಲ್ಲ. ಪುದೀನ, ಸಬ್ಬಸಿಗೆ, ಜೀರಿಗೆಗಳ ದಶಮಾಂಶ ಕೊಟ್ಟು ನ್ಯಾಯ, ಕರುಣೆ, ನಂಬಿಕೆಗಳನ್ನು ಬಿಟ್ಟವರನ್ನು ಗದರಿಸಿದ ಯೇಸು, ಅವುಗಳನ್ನೂ ಬಿಡದೆ ಇವುಗಳನ್ನು ಮಾಡಬೇಕಾಗಿತ್ತು ಎಂದು ಹೇಳಿದನೇ ಹೊರತು ದಶಮಾಂಶವನ್ನು ತಳ್ಳಿಹಾಕಲಿಲ್ಲ. ಪೌಲನೂ ಕೊರಿಂಥದಲ್ಲಿ ಘೋರ ಪಾಪದಲ್ಲಿ ನಡೆಯುತ್ತಿದ್ದ ಒಬ್ಬನನ್ನು ಹೊರಗಿಡಲು ಹಿಂಜರಿಯಲಿಲ್ಲ. ಆದರೆ ನಮ್ಮ ಸಭೆಗಳು ಎಲ್ಲಿ ಕಠಿಣವಾಗಿವೆ, ಎಲ್ಲಿ ಮೃದುವಾಗಿವೆ ಎಂದು ನೋಡಿದರೆ ನನ್ನ ಮನಸ್ಸು ಕಲಕುತ್ತದೆ. ಮನೆಯಲ್ಲಿ ಹೆಂಡತಿಯ ಮೇಲೆ ಕೈಮಾಡುವವನು, ಕೆಲಸದವರ ಕೂಲಿಯನ್ನು ಹಿಡಿದಿಟ್ಟುಕೊಳ್ಳುವವನು, ಇನ್ನೊಬ್ಬರ ಮಾನವನ್ನು ಮಾತಿನಲ್ಲಿ ಹರಾಜುಹಾಕುವವನು ಪ್ರತಿ ಭಾನುವಾರ ಮುಂದಿನ ಸಾಲಿನಲ್ಲಿ ಕುಳಿತರೆ ಸಾಕು, ಅವನ ತಟ್ಟೆ ತಪ್ಪುವುದಿಲ್ಲ. ಹಾಜರಿಯನ್ನು ಎಣಿಸುವುದು ಸುಲಭ, ಉಡುಪನ್ನು ಅಳೆಯುವುದು ಸುಲಭ. ಇವು ನೇರವಾಗಿ ಕಣ್ಣಿಗೆ ಬೀಳುತ್ತವೆ ಮತ್ತು ಇವುಗಳನ್ನು ಪ್ರಶ್ನಿಸುವುದರಿಂದ ಬಲಿಷ್ಠರ ವಿರೋಧ ಕಟ್ಟಿಕೊಳ್ಳಬೇಕಾಗಿಲ್ಲ. ಪರಿಶುದ್ಧತೆಯ ಚಿಂತೆ ನಿಜವಾದದ್ದಾದರೆ ಅದು ದುರ್ಬಲರನ್ನು ತುಳಿಯುವವರ ಕಡೆಗೆ ಮೊದಲು ತಿರುಗಬೇಕು.

ಇದರ ಮತ್ತೊಂದು ಬದಿಯನ್ನೂ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ತಮಗೆ ಕ್ರಿಸ್ತನಲ್ಲಿ ಸ್ವಾತಂತ್ರ್ಯವಿದೆಯೆಂದು ಹೇಳಿಕೊಂಡು, ಉಪವಾಸವನ್ನೋ ದಿನಾಚರಣೆಯನ್ನೋ ಕಟ್ಟುನಿಟ್ಟಾಗಿ ಪಾಲಿಸುವವರನ್ನು ಹೀನಾಯವಾಗಿ ಕಾಣುವವರೂ ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ ಅಷ್ಟೇ ತಪ್ಪಿತಸ್ಥರು.

ಮಾಡಬೇಕಾದದ್ದೇನು ಎಂದು ನೀವು ಕೊನೆಯಲ್ಲಿ ಕೇಳಿದ್ದೀರಿ. ಸುಮಾರು ಕ್ರಿ.ಶ. 155ರ ಹೊತ್ತಿಗೆ ರೋಮಿನಲ್ಲಿ ಹುತಾತ್ಮ ಜಸ್ಟಿನನು ಕ್ರೈಸ್ತರ ಭಾನುವಾರದ ಕೂಟವನ್ನು ವರ್ಣಿಸಿ ಬರೆದಿದ್ದಾನೆ. ಸ್ತೋತ್ರ ಸಲ್ಲಿಸಿದ ಮೇಲೆ ಎಲ್ಲರಿಗೂ ಪಾಲು ಹಂಚಿ, ಕೂಟಕ್ಕೆ ಬಾರದವರಿಗೆ ಸಭಾಸೇವಕರ ಕೈಯಲ್ಲಿ ಕಳುಹಿಸಿಕೊಡುತ್ತಿದ್ದರೆಂದೂ, ಕೂಡಿದ ಕಾಣಿಕೆಯಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರಿಗೆ ಸಹಾಯ ಮಾಡುತ್ತಿದ್ದರೆಂದೂ ಅಲ್ಲಿದೆ. ಬಾರದವರನ್ನು ಆ ಸಭೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದದ್ದು ಯಾರ ಮನೆಗೆ ರೊಟ್ಟಿ ಹೋಗಬೇಕೆಂದು ತಿಳಿಯಲು. ನಿಮ್ಮ ಮೂರು ತಿಂಗಳ ನಿಯಮವನ್ನು ಅಳಿಸಬೇಕಾಗಿಲ್ಲ. ಮೂರು ತಿಂಗಳು ಕಾಣದವರ ಮನೆಗೆ ಇಬ್ಬರು ಹಿರಿಯರು ಹೋಗತಕ್ಕದ್ದು ಎಂದು ಅದನ್ನು ತಿದ್ದಿ ಬರೆಯಿರಿ.

ಅದಕ್ಕೂ ಮೊದಲು ನೀವು ಆ ಸಹೋದರಿಯ ಮನೆಗೆ ಹೋಗಿರಿ. ಬೋಧನೆಯಾಗಲಿ ವಿವರಣೆಯಾಗಲಿ ಬೇಡ. ನಿಯಮ ಹಾಗಿತ್ತು ಎಂಬ ಮಾತಂತೂ ಬೇಡವೇ ಬೇಡ. ನಮ್ಮಿಂದ ತಪ್ಪಾಯಿತು ಎಂದು ಹೇಳಿ, ಅವರು ಅತ್ತರೂ ಸಿಟ್ಟಾದರೂ ಕುಳಿತು ಕೇಳಿಸಿಕೊಳ್ಳಿರಿ. ಅವರ ತಾಯಿಯ ಹಾಸಿಗೆಯ ಪಕ್ಕದಲ್ಲಿ ಪ್ರಾರ್ಥಿಸಲು ಅಪ್ಪಣೆ ಕೇಳಿರಿ. ಸಭೆಯ ಸಹೋದರಿಯರು ಸರದಿಯ ಮೇಲೆ ಭಾನುವಾರ ಬೆಳಿಗ್ಗೆ ಆ ಮನೆಯಲ್ಲಿದ್ದು ರೋಗಿಯನ್ನು ನೋಡಿಕೊಂಡರೆ ಅವರಿಗೆ ಅನುಕೂಲವಾದೀತೇ ಎಂದು ವಿಚಾರಿಸಿರಿ. ಬೇಡವೆಂದರೆ ಒತ್ತಾಯಿಸದೆ, ಕರ್ತನ ಭೋಜನವನ್ನು ಸಭಾಪಾಲಕರ ಮೂಲಕ ಅಲ್ಲಿಗೇ ತಲುಪಿಸುವ ಏರ್ಪಾಡು ಮಾಡಿರಿ. ಅವರು ಒಪ್ಪಿದರೆ ಮಾತ್ರ, ಸಮಿತಿಯ ವಿಷಾದವನ್ನು ಮುಂದಿನ ಆರಾಧನೆಯಲ್ಲಿ ಎಲ್ಲರ ಮುಂದೆ ತಿಳಿಸಿರಿ, ಏಕೆಂದರೆ ಅವರಿಗೆ ಅವಮಾನವಾದದ್ದು ಎಲ್ಲರ ಮುಂದೆಯೇ. ಸಮಿತಿಯ ಉಳಿದವರು ಇದಕ್ಕೆ ಒಪ್ಪದೆ ಹೋದರೂ ಆ ಮನೆಗೆ ಹೋಗಲು ನಿಮಗೆ ಯಾರ ನಿರ್ಣಯವೂ ಬೇಕಾಗಿಲ್ಲ. ಈ ವಾರವೇ ಹೋಗಿರಿ.

ನಿಮ್ಮ ಸಹೋದರ,
ಸಂಪಾದಕ