ಫ್ಲೀಟ್‌ವುಡ್ ಮ್ಯಾಕ್, ಬಾಸ್ಟನ್ 1970: ಯಾವ ಆವೃತ್ತಿ ಕೊಳ್ಳಬೇಕು, ಆ ಗಿಟಾರಿನ ದನಿ ಎಲ್ಲಿಂದ ಬಂತು?

ನೀವು ಕೇಳಿರುವುದು ಎರಡು. ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿನ 1977ರ ಪ್ರಸಿದ್ಧ ಆಲ್ಬಂ ‘ರೂಮರ್ಸ್’ಗೆ ಮುಂಚಿನ ಬ್ಲೂಸ್ ಕಾಲದ ಲೈವ್ ಆಲ್ಬಂ ಒಂದೇ ಒಂದು ಕೇಳುವುದಾದರೆ ಯಾವುದು? ಆಗಿನ ಅವರ ಮುಖ್ಯ ಗಿಟಾರ್ ವಾದಕ ಪೀಟರ್ ಗ್ರೀನ್ ಗಿಟಾರು ಮೂಗಿನಲ್ಲಿ ಹಾಡಿದ ಹಾಗೆ ಕೇಳಿಸುವುದೇಕೆ?

1970ರ ಫೆಬ್ರವರಿ 5, 6, 7ರಂದು ಬಾಸ್ಟನ್ ಟೀ ಪಾರ್ಟಿ ಎಂಬ ಕ್ಲಬ್ಬಿನಲ್ಲಿ ರೆಕಾರ್ಡ್ ಆದದ್ದನ್ನೇ ಕೇಳಿ. ಲೈವ್ ಆಲ್ಬಂ ತರಬೇಕೆಂದೇ ಟೇಪ್ ಓಡಿಸಿದ್ದರು. ಮೇ ತಿಂಗಳಲ್ಲಿ ಗ್ರೀನ್ ಬ್ಯಾಂಡ್ ಬಿಟ್ಟರು, ಟೇಪುಗಳು ಮೂಲೆ ಸೇರಿದವು. 80ರ ದಶಕದಲ್ಲಿ ಬಿಡಿಬಿಡಿಯಾಗಿ ಏನೇನೋ ಹೆಸರಲ್ಲಿ ಬಂದವು. ಹೊಸದಾಗಿ ಮಿಕ್ಸ್ ಆಗಿ ಮೂರು ಭಾಗಗಳಲ್ಲಿ ಬಂದದ್ದು 90ರ ದಶಕದ ಕೊನೆಗೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಹುಡುಕುವಾಗ ಮೋಸ ಹೋಗಬೇಡಿ: ‘ಲೈವ್ ಇನ್ ಬಾಸ್ಟನ್’ ಹೆಸರಲ್ಲೇ 2004ರದ್ದೊಂದಿದೆ, ಅದರಲ್ಲಿ ಗ್ರೀನ್ ಇಲ್ಲ, ಮುಂದೆ ಬ್ಯಾಂಡ್ ಸೇರಿದ ಸ್ಟೀವಿ ನಿಕ್ಸ್, ಲಿಂಡ್ಸೆ ಬಕಿಂಗ್‌ಹ್ಯಾಮ್ ಇದ್ದಾರೆ. ಪಟ್ಟಿಯಲ್ಲಿ ‘ಜಂಪಿಂಗ್ ಅಟ್ ಶ್ಯಾಡೋಸ್’ ಕಂಡರೆ 1970ರದ್ದೇ ಸಿಕ್ಕಿತು ಎಂದುಕೊಳ್ಳಿ.

ಮೊದಲ ಭಾಗದಿಂದ ಶುರು ಮಾಡಿ. ‘ದ ಗ್ರೀನ್ ಮನಾಲಿಶಿ’ಯ ಸಿಂಗಲ್ ಹೊರಬಂದದ್ದು ಮೇನಲ್ಲಿ, ಇಲ್ಲಿ ಫೆಬ್ರವರಿಯಲ್ಲೇ ಅದು ಹನ್ನೆರಡು ನಿಮಿಷ ದಾಟಿ ಹರಿಯುತ್ತದೆ. ಸ್ಟುಡಿಯೋದಲ್ಲಿ ಮೂರೂವರೆ ನಿಮಿಷದ ‘ರ್‍ಯಾಟಲ್‌ಸ್ನೇಕ್ ಶೇಕ್’ ಇಲ್ಲಿ ಸುಮಾರು 25 ನಿಮಿಷ. ಹಾಡು ಮುಗಿದ ಮೇಲೆ ಗ್ರೀನ್, ಬ್ಯಾಂಡಿನ ಇನ್ನೊಬ್ಬ ಗಿಟಾರ್ ವಾದಕ ಡ್ಯಾನಿ ಕರ್ವನ್ ಇಬ್ಬರ ಗಿಟಾರೂ ಒಂದರ ಬೆನ್ನಿಗೆ ಒಂದು ಬೀಳುತ್ತವೆ, ಹನ್ನೆರಡು ಬಾರ್ (ತಾಳದ ಆವರ್ತ) ಬ್ಲೂಸಿನ ಚೌಕಟ್ಟು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಅದೇ ವೇದಿಕೆಯಲ್ಲಿ ಮೂರನೇ ಗಿಟಾರ್ ವಾದಕ ಜೆರೆಮಿ ಸ್ಪೆನ್ಸರ್ ಮಾತ್ರ ಅಮೆರಿಕದ ಬ್ಲೂಸ್ ಕಲಾವಿದ ಎಲ್ಮೋರ್ ಜೇಮ್ಸ್ ಶೈಲಿಯ ಸ್ಲೈಡು (ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವುದು), ಹಳೇ ರಾಕ್ ಅಂಡ್ ರೋಲ್ ಬಿಟ್ಟು ಕದಲುವುದಿಲ್ಲ. ಬ್ಯಾಂಡು ಎರಡಾಗುತ್ತಿರುವುದು ಕಿವಿಗೇ ಗೊತ್ತಾಗುತ್ತದೆ. ಮೂರನೇ ಭಾಗದ ರಾಕ್ ಅಂಡ್ ರೋಲ್ ಹಾಡುಗಳನ್ನು ಬಿಟ್ಟರೂ ನಷ್ಟವಿಲ್ಲ.

ಇನ್ನು ಆ ದನಿ. ಗ್ರೀನ್ ಅವರ 1959ರ ಲೆಸ್ ಪಾಲ್ (ಗಿಬ್ಸನ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್) ಗಿಟಾರಿನಲ್ಲಿ ನೆಕ್ ಪಿಕಪ್ಪಿನ, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಎರಡು ಪಿಕಪ್ಪುಗಳಲ್ಲಿ ಕತ್ತಿನ ಬಳಿಯದರ, ಆಯಸ್ಕಾಂತ ತಿರುಗುಮುರುಗಾಗಿತ್ತು. ಸ್ವಿಚ್ ನಡುವಿಗೆ ತಂದು ಎರಡೂ ಪಿಕಪ್ ಸೇರಿಸಿದರೆ ಒಂದರ ಸಿಗ್ನಲ್ ಇನ್ನೊಂದನ್ನು ಹೊಡೆದುಹಾಕುತ್ತದೆ. ತಗ್ಗು ಸ್ವರಗಳಲ್ಲಿ ಇದು ಹೆಚ್ಚು, ಹಾಗಾಗಿ ತೆಳ್ಳಗಿನ ಟೊಳ್ಳು ದನಿಯಷ್ಟೇ ಉಳಿಯುತ್ತದೆ.

ನಿಮ್ಮ ಗಿಟಾರಿನಲ್ಲಿ ಮಾಡುವುದಾದರೆ: ನೆಕ್ ಪಿಕಪ್ ಹೊರತೆಗೆದು ಅದರ ಕವಚ ಬಿಚ್ಚಿ, ಅಡಿಯ ನಾಲ್ಕು ಸ್ಕ್ರೂ ಸಡಿಲಿಸಿ, ಆಯಸ್ಕಾಂತದ ಪಟ್ಟಿಯನ್ನು ಪಕ್ಕಕ್ಕೆ ಜಾರಿಸಿ ಎಳೆಯಿರಿ. ಅದನ್ನು ಉದ್ದದ ಅಂಚಿನ ಮೇಲೆ ಅಂಗಾತ ಮಗುಚಿ, ಇಲ್ಲವೇ ಮಗುಚದೆ ಚಪ್ಪಟೆಯಾಗಿಯೇ ಎಡ ತುದಿ ಬಲಕ್ಕೆ ಬರುವಂತೆ ತಿರುಗಿಸಿ. ಎರಡರಲ್ಲಿ ಒಂದನ್ನು ಮಾತ್ರ. ಎರಡನ್ನೂ ಮಾಡಿದರೆ ಧ್ರುವ ಮೊದಲಿದ್ದಲ್ಲಿಗೇ ಬಂದು ಕೂರುತ್ತದೆ. ಅಷ್ಟೆಲ್ಲ ಯಾಕೆ, ತಂತಿಗಳನ್ನೇ ಅದಲುಬದಲು ಮಾಡಿದರಾಯಿತು ಎನ್ನುವವರಿದ್ದಾರೆ. ಹಳೇ ಮಾದರಿಯ ಜಾಲರಿ ಸುತ್ತಿದ ಒಂಟಿ ತಂತಿಯ ಪಿಕಪ್ಪಿನಲ್ಲಿ ಹಾಗೆ ಮಾಡಿದರೆ ಲೋಹದ ಕವಚಕ್ಕೇ ಸಿಗ್ನಲ್ ಹತ್ತಿ ಗುಂಯ್ ಎನ್ನುತ್ತದೆ.

ಮಾಡಿಯೂ ದನಿ ಬರದಿದ್ದರೆ ಮೊದಲು ವಾಲ್ಯೂಮ್ ನೋಡಿ. ಎರಡೂ ಪಿಕಪ್ಪಿನ ವಾಲ್ಯೂಮ್ ಪೂರ್ತಿ 10ರಲ್ಲಿರಬೇಕು. ಒಂದನ್ನು 8ಕ್ಕೆ ಇಳಿಸಿದರೂ ದನಿ ಮತ್ತೆ ತುಂಬಿಕೊಳ್ಳುತ್ತದೆ.