ಕಾಲಂ ಹೈಡ್ ಮಾಡಿದರೆ ಸಾಲದು

ನಮಸ್ಕಾರ. ಪಿಂಚಣಿ ಫಲಾನುಭವಿಗಳ ಎಕ್ಸೆಲ್ ಪಟ್ಟಿಯಲ್ಲಿ ಆಧಾರ್ ಕಾಲಂ ಹೈಡ್ ಮಾಡಿ ಕಚೇರಿಯ ವಾಟ್ಸಾಪ್ ಗ್ರೂಪಿಗೆ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಹೈಡ್ ಮಾಡಿದ್ದು ಫೈಲಿನೊಳಗೇ ಇರುತ್ತದೆ. ಅಕ್ಕಪಕ್ಕದ ಎರಡು ಕಾಲಂ ಹಿಡಿದು ಅನ್‌ಹೈಡ್ ಒತ್ತಿದರೆ 12 ಅಂಕಿಯೂ ಕಣ್ಣೆದುರು ಬರುತ್ತವೆ. ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆದರೂ ಎಷ್ಟೋ ಸಲ ಕೆಳಗಿನ ಅಕ್ಷರ ಕಾಪಿ ಆಗುತ್ತದೆ.

ಹೊಸ ಫೈಲ್ ತೆರೆದು ಬೇಕಾದ ಕಾಲಂ ಮಾತ್ರ ಪೇಸ್ಟ್ ಮಾಡಿ. ಆಧಾರ್ ಬೇಕೇ ಬೇಕೆಂದರೆ ಕೊನೆಯ 4 ಅಂಕಿ ಇಡಿ. ಕಳಿಸುವುದು ಸರ್ಕಾರಿ ಇಮೇಲ್ ಅಥವಾ ಇ-ಆಫೀಸ್‌ನಲ್ಲೇ (ಸರ್ಕಾರಿ ಕಡತಗಳ ಆನ್‌ಲೈನ್ ವ್ಯವಸ್ಥೆ). ಗ್ರೂಪಿನಲ್ಲಿ ವರ್ಗವಾಗಿ ಹೋದವರೂ ಇನ್ನೂ ಇರುತ್ತಾರೆ ಅಲ್ವಾ?

ಈಗಾಗಲೇ ಹಾಕಿದ್ದರೆ ಡಿಲೀಟ್ ಮಾಡಿ ಸುಮ್ನೆ ಕೂರಬೇಡಿ. ಡೌನ್‌ಲೋಡ್ ಆದದ್ದು ಅವರವರ ಫೋನಿನಲ್ಲಿ ಉಳಿದಿರಬಹುದು. ಕೂಡಲೇ ಮೇಲಧಿಕಾರಿಗೆ ಬರೆದು ತಿಳಿಸಿ. ಡೇಟಾ ಸೋರಿಕೆ ಗೊತ್ತಾದ 6 ಗಂಟೆಯೊಳಗೆ ತನಗೆ ವರದಿ ಮಾಡಬೇಕೆಂದು ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರಲ್ಲೇ ಹೇಳಿದೆ, ಸರ್ಕಾರಿ ಸಂಸ್ಥೆಗಳಿಗೂ ಅದು ಅನ್ವಯ. ಬೈಸಿಕೊಳ್ಳುವ ಭಯ ನನಗೂ ಅರ್ಥವಾಗುತ್ತದೆ. ಆದರೆ ಪಟ್ಟಿಯಲ್ಲಿರುವ ಅಜ್ಜಿಗೆ ನಾಳೆ ಯಾರೋ ಫೋನ್ ಮಾಡಿ, ಅವರದೇ ಆಧಾರ್ ನಂಬರ್ ಓದಿ ಹೇಳಿ ಓಟಿಪಿ ಕೇಳಿದರೆ, ಪಾಪ, ನಂಬಿಬಿಡುತ್ತಾರೆ.