ಹಳ್ಳದಗುಂಟ ಒಮ್ಮೆ ನಡೆಯಿರಿ

ಪ್ರಶ್ನೆ: ನಮಗೆ ಮೂಡಿಗೆರೆ ತಾಲ್ಲೂಕಿನಲ್ಲಿ ನಾಲ್ಕು ಎಕರೆ ತೋಟವಿದೆ. ತೋಟದ ಅಂಚಿನ ಹಳ್ಳ ಮುಂದೆ ಹೇಮಾವತಿಯನ್ನು ಸೇರುತ್ತದೆ. ಕಾಫಿ ಕುಯ್ಲು ಶುರುವಾದರೆ ಮೇಲಿನ ತೋಟಗಳವರು ಪಲ್ಪಿಂಗ್ ನೀರನ್ನು, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರನ್ನು, ಅದಕ್ಕೇ ಬಿಡುತ್ತಾರೆ. ದನಗಳು ಬಾಯಿ ಹಾಕುವುದಿಲ್ಲ. ದೂರು ಕೊಟ್ಟರೆ ನೆರೆಹೊರೆ ಕೆಡುತ್ತದೆ, ಸುಮ್ಮನಿದ್ದರೆ ಹಳ್ಳ ಹಾಳಾಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ಆ ಹುಳಿ ನಾತ ನನ್ನ ಮೂಗಿಗೆ ಬಡಿಯಿತು. ನಾನು ಬಾಳೆಹೊನ್ನೂರಿನ ಕಡೆಯವಳು, ನಮ್ಮ ಹಳ್ಳ ಭದ್ರೆಗೆ ಸೇರುತ್ತದೆ. ನಮ್ಮ ಮನೆಯ ಪಲ್ಪರ್ ಯಂತ್ರದ ನೀರೂ ಹದಿನೈದು ವರ್ಷ ಹಳ್ಳಕ್ಕೇ ಹೋಯಿತು. ನಮ್ಮ ಅಂಗಳದಿಂದ ಅದು ಹರಿದುಹೋಗುವುದು ಮಾತ್ರ ಕಾಣುತ್ತಿತ್ತು, ಎಲ್ಲಿಗೆ ಹೋಗಿ ಏನು ಮಾಡುತ್ತದೆ ಎಂಬುದು ಕಾಣುತ್ತಿರಲಿಲ್ಲ. ಮೇಲಿನ ತೋಟದವರ ಮೇಲೆ ಸಿಟ್ಟಾಗುವ ಮೊದಲು ಇದನ್ನು ನೆನಪಿಡಿ ಎಂದು ಕೇಳಿಕೊಳ್ಳುತ್ತೇನೆ.

ನಮ್ಮಲ್ಲಿ ಕೆಲಸ ಆರಂಭವಾದದ್ದು ನಡಿಗೆಯಿಂದ. ಒಂದು ಡಿಸೆಂಬರ್ ಬೆಳಿಗ್ಗೆ ಕೆಳಗಿನ ಗದ್ದೆಯವರೂ ಮೇಲಿನ ತೋಟದವರೂ ಸೇರಿ ಹತ್ತು ಹನ್ನೆರಡು ಜನ ಹಳ್ಳದಗುಂಟ ಕೆಳಗಿನಿಂದ ಮೇಲಕ್ಕೆ ನಡೆದೆವು. ದಾರಿಯಲ್ಲಿ ಒಬ್ಬರು ನೀರಿಗೆ ಕೈಹಾಕಿ ಒಂದು ಕಲ್ಲನ್ನು ಎತ್ತಿದರು. ಅದರ ಮೇಲೆಲ್ಲ ನೆನೆದ ಹತ್ತಿಯಂತಹ ಬೂದುಬಣ್ಣದ ಲೋಳೆ. ಅಡಿಯಲ್ಲಿ ಎರಡು ಸತ್ತ ಏಡಿಗಳು. ಮಳೆಗಾಲದಲ್ಲಿ ಅದೇ ಜಾಗದಲ್ಲಿ ಮಕ್ಕಳು ಏಡಿ ಹಿಡಿಯುತ್ತಿದ್ದರು. ಯಾರೂ ಯಾರನ್ನೂ ಬಯ್ಯಲಿಲ್ಲ. ಮೇಲಿನ ತೋಟದ ಹಿರಿಯರೊಬ್ಬರು ಆ ಕಲ್ಲನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನಿಂತಿದ್ದರು.

ಕಾರಣವನ್ನೂ ತಿಳಿದುಕೊಂಡೇ ಮಾತಿಗೆ ಕೂರಿ. ಹಣ್ಣಿನ ಲೋಳೆಯಲ್ಲಿ ಸಕ್ಕರೆಯಿದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿಬಿಡುತ್ತವೆ, ಮೀನು ಏಡಿಗಳಿಗೆ ಉಸಿರೇ ಸಿಗುವುದಿಲ್ಲ. ಆ ನೀರು ಹುಳಿತು ಆಮ್ಲತೆಯ ಅಳತೆಯಾದ ಪಿಎಚ್‌ನಲ್ಲಿ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4ರ ಹತ್ತಿರಕ್ಕೆ ಇಳಿಯುತ್ತದೆ, ಒಳ್ಳೆಯ ನೀರು 7ರ ಆಸುಪಾಸಿನಲ್ಲಿರುತ್ತದೆ. ಅದೂ ಅರೇಬಿಕಾ ತಳಿಯ ಕಾಫಿ ಕುಯ್ಲು ನಡೆಯುವುದು ನವೆಂಬರ್‌ನಿಂದ ಜನವರಿಯವರೆಗೆ, ಮಳೆ ನಿಂತು ಹಳ್ಳ ಸೊರಗುವ ಹೊತ್ತಿಗೆ.

ಪರಿಹಾರ ಕಷ್ಟವಲ್ಲ, ಖರ್ಚು ಮಾತ್ರ ಇದೆ. ಲೋಳೆ ನೀರನ್ನು ಹೊಂಡದಲ್ಲಿ ನಿಲ್ಲಿಸಿ ಸುಣ್ಣ ಹಾಕಿ ಹುಳಿ ಮುರಿಯಬೇಕು. ಅದು ಬಾವಿಗೆ ಇಳಿಯದಂತೆ ಹೊಂಡಕ್ಕೆ ಸಿಮೆಂಟೋ ದಪ್ಪ ಪ್ಲಾಸ್ಟಿಕ್ಕೋ ಇರಲೇಬೇಕು. ಕಡಿಮೆ ನೀರು ಬಳಸುವ ಪಲ್ಪರ್‌ಗಳೂ ಬಂದಿವೆ. ಸಿಪ್ಪೆ ಕೊಳೆತರೆ ಪೊಟ್ಯಾಶ್ ತುಂಬಿದ ಗೊಬ್ಬರ. ಅದನ್ನು ಹಳ್ಳಕ್ಕೆ ಸುರಿಯುವುದೆಂದರೆ ಗೊಬ್ಬರದ ಚೀಲವನ್ನು ನೀರಿಗೆ ಎಸೆದಂತೆ. ನಮ್ಮಲ್ಲಿ ಐದು ಸಣ್ಣ ಬೆಳೆಗಾರರು ತಮ್ಮ ಪಲ್ಪರ್‌ಗಳನ್ನು ನಿಲ್ಲಿಸಿ ಒಂದೇ ಕಡೆ ಹಣ್ಣು ತಂದು ಸುಲಿಸುತ್ತಾರೆ. ಹೊಂಡ ಒಂದೇ, ಸುಣ್ಣದ ಖರ್ಚು ಹಣ್ಣಿನ ತೂಕದ ಮೇಲೆ ಹಂಚಿಕೆ. ಸರದಿಯ ಬಗ್ಗೆ ಮೊದಲ ವರ್ಷ ಜಗಳವಾಯಿತು. ಚೀಟಿ ಎತ್ತಿ ಬಗೆಹರಿಸಿಕೊಂಡೆವು.

ಒಂದು ದೊಡ್ಡ ತೋಟದವರು ಎರಡು ವರ್ಷ ಒಪ್ಪಲಿಲ್ಲ. ಆಗ ಗ್ರಾಮಸಭೆಯಲ್ಲಿ ವಿಷಯ ಇಟ್ಟೆವು, ಸಹಿಗಳಲ್ಲಿ ಮೇಲಿನ ತೋಟಗಳವರದೇ ಹೆಚ್ಚು. ಒಬ್ಬರೇ ಕೊಟ್ಟ ದೂರು ಹಗೆಯಂತೆ ಕಾಣುತ್ತದೆ, ಊರು ಕೊಟ್ಟ ಮನವಿ ಹಾಗೆ ಕಾಣುವುದಿಲ್ಲ. ಅದೂ ಫಲಿಸದಿದ್ದರೆ 1974ರ ಜಲಮಾಲಿನ್ಯ ಕಾಯ್ದೆ ಇದೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಲು ಹಿಂಜರಿಯಬೇಡಿ.

ಹೊಂಡದ ಅಳತೆಯ ಬಗ್ಗೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಕೇಳಿ. ದಿನಕ್ಕೆ ಎಷ್ಟು ಹಣ್ಣು ಸುಲಿಯುತ್ತೀರಿ ಎಂದು ಬರೆದುಕೊಂಡು ಹೋಗಿ. ಈ ಬಾರಿಯ ಕುಯ್ಲಿಗೆ ಇನ್ನೂ ಸಮಯವಿದ್ದರೆ, ಮೊದಲು ನಿಮ್ಮ ಮೇಲಿನ ಮನೆಯವರನ್ನು ಕಾಫಿಗೆ ಕರೆದು, ಬೆಳಿಗ್ಗೆಯೇ ಅವರ ಜೊತೆ ಹಳ್ಳಕ್ಕಿಳಿಯಿರಿ.